ಇಂಜೆಕ್ಷನ್‌ಗೆ ಬದಲಾದ ಹಳೆಯ ಮಸ್ಟಾಂಗ್ ಮತ್ತು ಅದಕ್ಕೆ ಒಗ್ಗಿದ ಪೆಟ್ರೋಲ್ ಟ್ಯಾಂಕ್

ಕಾರ್ಬ್ಯುರೇಟರ್ ತೆಗೆದು ಫ್ಯೂಯೆಲ್ ಇಂಜೆಕ್ಷನ್ ಕೂರಿಸಲು ಹೊರಟವರು ಮೊದಲು ಕೊಳ್ಳುವುದು, ಕಾರ್ಬ್ಯುರೇಟರಿನ ಜಾಗದಲ್ಲಿ ಕುಳಿತು ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಥ್ರಾಟಲ್ ಬಾಡಿಯನ್ನು. ಟ್ಯಾಂಕಿನ ನೆನಪಾಗುವುದು ಕೊನೆಗೆ. ನಾನೂ ಅದೇ ತಪ್ಪು ಮಾಡಿದವನು. ನನ್ನ ಬಳಿ ಇರುವುದು 1966ರ ಫೋರ್ಡ್ ಮಸ್ಟಾಂಗ್. ಅದರದು 289 ಘನ ಇಂಚಿನ, ಅಂದರೆ ಸುಮಾರು 4.7 ಲೀಟರಿನ ವಿ8 ಎಂಜಿನ್. ಅದರ ಮೇಲೆ ನಾಲ್ಕು ಇಂಜೆಕ್ಟರುಗಳ ಥ್ರಾಟಲ್ ಬಾಡಿಯನ್ನು ಜೋಡಿಸಲು ಎರಡು ದಿನ ಸಾಕಾಯಿತು. ಆ ಥ್ರಾಟಲ್ ಬಾಡಿಗೆ ಸರಿಯಾಗಿ ಪೆಟ್ರೋಲ್ ಒದಗಿಸುವ ವ್ಯವಸ್ಥೆ ಒಂದು ನೆಲೆಗೆ ಬರಲು ಹದಿನಾಲ್ಕು ತಿಂಗಳು ಬೇಕಾಯಿತು. ಈ ಅವಧಿಯಲ್ಲಿ ಹಳೆಯ ಟ್ಯಾಂಕಿಗೆ ಹೊರಗಿನ ಪಂಪ್, ಬಾನೆಟ್ ಕೆಳಗಿನ ಚಿಕ್ಕ ಸಂಪ್ ಟ್ಯಾಂಕ್, ಕೊನೆಗೆ ಇಂಜೆಕ್ಷನ್‌ಗೆಂದೇ ತಯಾರಾದ ಹೊಸ ಟ್ಯಾಂಕ್, ಹೀಗೆ ಮೂರನ್ನೂ ಬಳಸಿ ನೋಡಿದ್ದೇನೆ. ಈ ವಿಮರ್ಶೆ ಮುಖ್ಯವಾಗಿ ಮೂರನೆಯದನ್ನು ಕುರಿತದ್ದು, ಆದರೆ ಮೊದಲಿನ ಎರಡನ್ನು ಹೇಳದೆ ಅದರ ಗುಣವಾಗಲಿ ದೋಷವಾಗಲಿ ತಿಳಿಯುವುದಿಲ್ಲ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ದೂರುಗಳೂ ಇವೆ, ಮತ್ತು ಇದೇ ಬಗೆಯ ಟ್ಯಾಂಕನ್ನು ಹಲವರು ತಯಾರಿಸುತ್ತಾರೆ.

ಕಾರ್ಬ್ಯುರೇಟರಿನ ಕಾಲದ ಟ್ಯಾಂಕ್ ಒಂದು ಡಬ್ಬಿ, ಅಷ್ಟೆ. ಎಂಜಿನ್ನಿನ ಪಕ್ಕದಲ್ಲಿರುವ ಮೆಕ್ಯಾನಿಕಲ್ ಪಂಪ್ ಅದರಿಂದ ಪೆಟ್ರೋಲನ್ನು ಹೀರಿಕೊಂಡು 4ರಿಂದ 7 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ ಕಾರ್ಬ್ಯುರೇಟರಿಗೆ ತಳ್ಳುತ್ತದೆ. ತಿರುವಿನಲ್ಲಿ ಪೆಟ್ರೋಲ್ ಒಂದು ಮೂಲೆಗೆ ಸರಿದು ಹೀರುಕೊಳವೆಯ ಬಾಯಿಗೆ ಅರೆಕ್ಷಣ ಗಾಳಿ ಸಿಕ್ಕರೂ ಚಾಲಕನಿಗೆ ಅದು ಗೊತ್ತಾಗುವುದಿಲ್ಲ, ಏಕೆಂದರೆ ಕಾರ್ಬ್ಯುರೇಟರಿನ ಫ್ಲೋಟ್ ಚೇಂಬರಿನಲ್ಲಿ ಕೂಡಿಟ್ಟ ಪೆಟ್ರೋಲ್ ಆ ಕೊರತೆಯನ್ನು ತುಂಬಿಬಿಡುತ್ತದೆ. ಇಂಜೆಕ್ಷನ್‌ನಲ್ಲಿ ಇಂಥ ಉಗ್ರಾಣ ಎಲ್ಲಿಯೂ ಇಲ್ಲ. ಹಾಲಿ (Holley) ಎಂಬ ಕಂಪನಿಯ ಸ್ನೈಪರ್‌ನಂಥ ಥ್ರಾಟಲ್ ಬಾಡಿಗಳು ಸುಮಾರು 58 ಪಿಎಸ್‌ಐ, ಅಂದರೆ 4 ಬಾರ್ ಒತ್ತಡವನ್ನು ಎಡೆಬಿಡದೆ ಕೇಳುತ್ತವೆ. ಪಂಪಿಗೆ ಒಂದು ಗುಟುಕು ಗಾಳಿ ಹೋದರೆ ಒತ್ತಡ ಕುಸಿಯುತ್ತದೆ, ಎಂಜಿನ್ ಕೆಮ್ಮುತ್ತದೆ. ಪಂಪನ್ನು ತಂಪಾಗಿಡುವುದೂ ಅದರ ಒಳಭಾಗಗಳಿಗೆ ಜಾರು ಒದಗಿಸುವುದೂ ಅದರೊಳಗೆ ಹರಿಯುವ ಪೆಟ್ರೋಲೇ ಆದ್ದರಿಂದ, ಪದೇ ಪದೇ ಗಾಳಿ ಕುಡಿದ ಪಂಪ್ ಬಹುಕಾಲ ಬಾಳುವುದಿಲ್ಲ. ಫ್ಲೋಟ್ ಚೇಂಬರ್ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಟ್ಯಾಂಕೇ ಮಾಡಬೇಕು ಎಂಬುದು ನನಗೆ ತಡವಾಗಿ ಹೊಳೆಯಿತು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಹಳೆಯ ಟ್ಯಾಂಕನ್ನು ಹಾಗೆಯೇ ಉಳಿಸಿಕೊಂಡು, ಗಂಟೆಗೆ 255 ಲೀಟರ್ ಎಂದು ಗುರುತಿಸಿದ ಹೈ ಪ್ರೆಶರ್ ಪಂಪನ್ನು ಹಿಂದಿನ ಚಕ್ರದ ಬಳಿ ಚಾಸಿಗೆ ಬಿಗಿದೆ. ಇಂಥ ಪಂಪುಗಳು ತಳ್ಳುವುದರಲ್ಲಿ ಗಟ್ಟಿ, ಹೀರುವುದರಲ್ಲಿ ದುರ್ಬಲ. ಆದ್ದರಿಂದ ಟ್ಯಾಂಕಿನ ತಳಕ್ಕಿಂತ ಕೆಳಗೆ, ಪೆಟ್ರೋಲ್ ತಾನಾಗಿ ಹರಿದು ಬರುವಂತೆ ಅವನ್ನು ಕೂರಿಸಬೇಕು. ಮಸ್ಟಾಂಗಿನಲ್ಲಿ ಪೆಟ್ರೋಲ್ ಹೊರಬರುವ ಕೊಳವೆ ಟ್ಯಾಂಕಿನ ಮುಂಬದಿಯಲ್ಲಿ, ಪೆಟ್ರೋಲಿನ ಮಟ್ಟವನ್ನು ಗೇಜಿಗೆ ತಿಳಿಸುವ ಸೆಂಡರಿನ ಜೊತೆಗೇ ಇದೆ. ಅದಕ್ಕಿಂತ ಕೆಳಗೆ ಪಂಪ್ ಇಟ್ಟರೆ ರಸ್ತೆಯ ಕಲ್ಲಿಗೆ ಸಿಗುತ್ತದೆ, ಮೇಲೆ ಇಟ್ಟರೆ ಹೀರಲಾರದೆ ಒದ್ದಾಡುತ್ತದೆ. ನಾನು ನಡುವೆ ಎಲ್ಲೋ ಇಟ್ಟೆ, ಅದೂ ಒದ್ದಾಡಿತು. ಶಬ್ದವನ್ನಂತೂ ಹೇಳುವುದೇ ಬೇಡ: ಚಾಸಿಯ ಉಕ್ಕಿಗೆ ನೇರವಾಗಿ ಬಿಗಿದ ಪಂಪಿನ ಕೀರಲು ದನಿ ಹಿಂದಿನ ಸೀಟಿನ ಕೆಳಗಿಂದ ಬಂದು, ಎಂಜಿನ್ನಿನ ಗುಡುಗನ್ನೂ ದಾಟಿ ಕಿವಿಗೆ ಮುಟ್ಟುತ್ತಿತ್ತು. ರಬ್ಬರಿನ ಹಿಡಿಕೆ ಹಾಕಿದ ಮೇಲೆ ಸ್ವಲ್ಪ ತಗ್ಗಿತು, ಆದರೆ ಹೋಗಲಿಲ್ಲ.

ಶಬ್ದವನ್ನು ಸಹಿಸಬಹುದಿತ್ತು, ಬಿಸಿಯನ್ನು ಸಹಿಸಲಾಗಲಿಲ್ಲ. ಇಲ್ಲಿ ಒಂದು ಚಿಕ್ಕ ಲೆಕ್ಕವಿದೆ, ಟ್ಯಾಂಕ್ ಕೊಳ್ಳುವ ಮೊದಲು ಎಲ್ಲರೂ ಇದನ್ನು ಹಾಕಿ ನೋಡಬೇಕು. ಟರ್ಬೊ ಇಲ್ಲದ ಎಂಜಿನ್ ಪೂರ್ಣ ಶಕ್ತಿಯಲ್ಲಿ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.23 ಕಿಲೋ ಪೆಟ್ರೋಲ್ ಕುಡಿಯುತ್ತದೆ ಎಂದು ಹಿಡಿದರೆ, ನನ್ನ 225 ಅಶ್ವಶಕ್ತಿಗೆ ಗಂಟೆಗೆ 52 ಕಿಲೋ, ಅಂದರೆ 70 ಲೀಟರ್ ಸಾಕು. ಅದೂ ಆಕ್ಸಿಲರೇಟರನ್ನು ತಳಕ್ಕೆ ಒತ್ತಿ ಹಿಡಿದಾಗ ಮಾತ್ರ. ನೆಮ್ಮದಿಯಾಗಿ ಓಡಿಸುವಾಗ ಅದರಲ್ಲಿ ಒಂದು ಸಣ್ಣ ಪಾಲು. ಪಂಪ್ ತಳ್ಳುವ ಉಳಿದ ಪೆಟ್ರೋಲೆಲ್ಲ ಎಂಜಿನ್ನಿನ ಬಿಸಿಯನ್ನು ಹೊತ್ತುಕೊಂಡು ರಿಟರ್ನ್ ಲೈನಿನಲ್ಲಿ ಹಿಂದಿರುಗುತ್ತದೆ. ನನ್ನ ಟ್ಯಾಂಕಿನ ಅಳತೆ 60 ಲೀಟರ್. ಪಂಪಿನ ಮೇಲೆ ಬರೆದ ಲೆಕ್ಕದಲ್ಲಿ ಹದಿನಾಲ್ಕೇ ನಿಮಿಷಕ್ಕೆ ಇಡೀ ಟ್ಯಾಂಕ್ ಒಂದು ಸುತ್ತು ಹಾಕಿ ಬರುತ್ತದೆ, ಕಾಲು ಟ್ಯಾಂಕ್ ಇದ್ದಾಗ ನಾಲ್ಕು ನಿಮಿಷವೂ ಬೇಕಿಲ್ಲ. ಒತ್ತಡ ಏರಿದಂತೆ ಪಂಪಿನ ಹರಿವು ಕಡಿಮೆಯಾಗುತ್ತದೆ, ಆದರೂ ಚಿತ್ರ ಬದಲಾಗದು. ಪೆಟ್ರೋಲಿನ ಹಗುರ ಅಂಶಗಳು 35, 40 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯತೊಡಗುತ್ತವೆ. ಬಿಸಿಯಾದ ಪೆಟ್ರೋಲನ್ನು ಹೀರಲು ಹೋದ ಪಂಪ್ ಹೀರುವ ಬದಿಯಲ್ಲಿ ಆವಿಯನ್ನೇ ಹುಟ್ಟಿಸಿಕೊಳ್ಳುತ್ತದೆ. ಬೇಸಿಗೆಯ ಮಧ್ಯಾಹ್ನ, ಕಾಲು ಟ್ಯಾಂಕ್, ವಾಹನದಟ್ಟಣೆ, ಈ ಮೂರೂ ಸೇರಿದಾಗ ನನ್ನ ಕಾರು ತಪ್ಪದೆ ನಿಲ್ಲುತ್ತಿತ್ತು.

ಎರಡನೆಯ ಯತ್ನ ಬಾನೆಟ್ ಕೆಳಗಿನ ಸಂಪ್ ಟ್ಯಾಂಕ್. ಹಳೆಯ ಮೆಕ್ಯಾನಿಕಲ್ ಪಂಪ್ ಈ ಚಿಕ್ಕ ಡಬ್ಬಿಯನ್ನು ತುಂಬುತ್ತದೆ, ಒಳಗೆ ಫ್ಲೋಟ್ ಇದೆ, ಮುಳುಗಿ ಕುಳಿತ ಹೈ ಪ್ರೆಶರ್ ಪಂಪ್ ಅಲ್ಲಿಂದ ಥ್ರಾಟಲ್ ಬಾಡಿಗೆ ಕಳುಹಿಸುತ್ತದೆ. ಅಂದರೆ ಫ್ಲೋಟ್ ಚೇಂಬರನ್ನೇ ದೊಡ್ಡದು ಮಾಡಿ ಬೇರೆಡೆ ಇಟ್ಟಂತೆ. ಹಿಂದಿನ ಟ್ಯಾಂಕನ್ನು ಮುಟ್ಟಬೇಕಿಲ್ಲ, ಇದು ಅದರ ದೊಡ್ಡ ಆಕರ್ಷಣೆ, ಮತ್ತು ತಿರುವುಗಳಲ್ಲಿ ಎಂಜಿನ್ ಕೆಮ್ಮುವುದು ಅಂದೇ ನಿಂತಿತು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಆದರೆ ರಿಟರ್ನ್ ಪೆಟ್ರೋಲ್ ಹಿಂದಿನ 60 ಲೀಟರಿಗೆ ಹೋಗಿ ತಣ್ಣಗಾಗುವ ಬದಲು, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪಕ್ಕದಲ್ಲಿರುವ ಒಂದೆರಡು ಲೀಟರಿನಲ್ಲಿಯೇ ಸುತ್ತುತ್ತಿರುತ್ತದೆ. ಅರ್ಧ ಗಂಟೆ ಓಡಿಸಿ ನಿಲ್ಲಿಸಿ ಡಬ್ಬಿಯ ಮೇಲೆ ಕೈ ಇಟ್ಟರೆ ಇಟ್ಟ ಕೈಯನ್ನು ಹಿಂದೆಗೆಯಬೇಕಾಗುತ್ತಿತ್ತು. ಬಾನೆಟ್ ಕೆಳಗೆ ಸಾಕಷ್ಟು ಜಾಗ ಇರುವ, ಗಾಳಿಯಾಡುವ ಕಾರುಗಳಲ್ಲಿ ಇದು ನಡೆದೀತು. ಇಕ್ಕಟ್ಟಾದ ಎಂಜಿನ್ ಕೋಣೆಯಲ್ಲಿ ಬಿಸಿ ಪೆಟ್ರೋಲಿನ ಡಬ್ಬಿಯನ್ನು ಇಟ್ಟುಕೊಂಡು ಓಡಾಡುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ.

ಹಳೆಯ ಟ್ಯಾಂಕಿನ ನೆತ್ತಿಯಲ್ಲೇ ದುಂಡನೆಯ ರಂಧ್ರ ಕೊರೆದು, ಸುತ್ತ ಫೋಮ್ ಇರುವ ಪಂಪಿನ ಗುಚ್ಛವನ್ನು ಇಳಿಬಿಡುವ ಮಾರ್ಗವೂ ಒಂದಿದೆ. ಏರೋಮೋಟಿವ್ ಕಂಪನಿಯ ಫ್ಯಾಂಟಮ್ ಈ ವರ್ಗದಲ್ಲಿ ಹೆಸರಾದದ್ದು. ಟ್ಯಾಂಕಿನ ತಳದಲ್ಲಿ ಹಾಸುವ ಹೈಡ್ರಾಮ್ಯಾಟ್ ಎಂಬ ಚಾಪೆಯನ್ನು ಅದೇ ಹಾಲಿ (Holley) ಕಂಪನಿ ಮಾರುತ್ತದೆ: ಅದು ದೀಪದ ಬತ್ತಿ ಎಣ್ಣೆ ಎಳೆದಂತೆ ಎಲ್ಲಿ ಪೆಟ್ರೋಲ್ ಇದೆಯೋ ಅಲ್ಲಿಂದ ಎಳೆಯುತ್ತದೆ, ಒದ್ದೆಯಾದ ಬಟ್ಟೆ ಗಾಳಿಯನ್ನು ತಡೆದಂತೆ ಪೆಟ್ರೋಲ್ ಇಲ್ಲದ ಕಡೆ ಗಾಳಿಯನ್ನು ಒಳಬಿಡುವುದಿಲ್ಲ. ಅಪರೂಪದ ಕಾರುಗಳಿಗೆ, ಹೊಸ ಟ್ಯಾಂಕನ್ನು ಯಾರೂ ತಯಾರಿಸದ ಮಾದರಿಗಳಿಗೆ, ಇದೇ ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ. ನಾನು ಹಿಂಜರಿದದ್ದು ಎರಡು ಕಾರಣಕ್ಕೆ. ಮೊದಲನೆಯದು, ಟ್ಯಾಂಕನ್ನು ಇಳಿಸಿ ಒಳಗೆ ಟಾರ್ಚ್ ಬಿಟ್ಟಾಗ ಕಂಡದ್ದು: ಪೆಟ್ರೋಲ್ ಸದಾ ನಿಲ್ಲುವ ಕೆಳಭಾಗ ಇನ್ನೂ ಮಾಸಲು ಬೂದು ಬಣ್ಣದಲ್ಲಿ ಚೆನ್ನಾಗಿತ್ತು, ಗಾಳಿ ಆಡುವ ಮೇಲಿನ ಅಂಚಿನುದ್ದಕ್ಕೂ ತುಕ್ಕು ಪದರು ಪದರಾಗಿ ಎದ್ದಿತ್ತು, ಮತ್ತು ಹಿಂದಿನ ಮಾಲೀಕರು ಸುರಿಸಿದ್ದ ಸೀಲರ್ ಒಂದು ಮೂಲೆಯಲ್ಲಿ ಒಣಗಿದ ಬಾಳೆಎಲೆಯ ಹಾಗೆ ಸುರುಳಿ ಬಿಚ್ಚುತ್ತಿತ್ತು. ಕಾರ್ಬ್ಯುರೇಟರಿನ ಜೆಟ್ ಆ ಪುಡಿಯನ್ನು ಅಷ್ಟಿಷ್ಟು ಸಹಿಸೀತು, ಇಂಜೆಕ್ಟರ್ ಸಹಿಸದು. ಎರಡನೆಯದು ಪ್ರಾಣಭಯ. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕ್ ಅಪಾಯಕಾರಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇಕಡಾ 1.4ರಿಂದ 7.6ರವರೆಗೆ ಬೆರೆತಿದ್ದರೆ ಒಂದು ಕಿಡಿ ಸಾಕು, ಮತ್ತು ಆ ಆವಿ ಗಾಳಿಗಿಂತ ಭಾರವಾದ್ದರಿಂದ ಟ್ಯಾಂಕಿನ ತಳದಲ್ಲೇ ಅವಿತಿರುತ್ತದೆ. ಟ್ಯಾಂಕ್ ತೊಳೆಯುವುದನ್ನೇ ಕಸುಬಾಗಿ ಮಾಡುವವರ ಕೈಗೆ ಕೊಟ್ಟು, ಆವಿ ಉಳಿದಿಲ್ಲ ಎಂದು ಖಚಿತವಾಗುವವರೆಗೆ ಅದರ ಹತ್ತಿರ ಡ್ರಿಲ್ ತರಲೇಬಾರದು.

ರೇಸ್ ಕಾರುಗಳ ಫ್ಯೂಯೆಲ್ ಸೆಲ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಒಳಗೆ ರಬ್ಬರ್ ಚೀಲ, ಅದರೊಳಗೆ ಫೋಮ್. ಅಪಘಾತದಲ್ಲಿ ಅದರಷ್ಟು ಭದ್ರವಾದದ್ದು ಬೇರೊಂದಿಲ್ಲ. ಆದರೆ ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎಯ ಎಫ್‌ಟಿ3 ದರ್ಜೆಯ ಚೀಲಕ್ಕೆ ತಯಾರಾದ ದಿನದಿಂದ ಐದು ವರ್ಷಗಳ ಆಯುಸ್ಸನ್ನಷ್ಟೇ ನಿಗದಿ ಮಾಡಿದ್ದಾರೆ. ವರ್ಷಗಳು ಕಳೆದಂತೆ ಫೋಮ್ ಪುಡಿಯಾಗಿ ಫಿಲ್ಟರಿಗೆ ಬರುತ್ತದೆ. ಭಾನುವಾರ ಹೊರತೆಗೆಯುವ ಕಾರಿಗೆ ಇದು ಹೊರೆ.

ಕೊನೆಗೆ ತಂದದ್ದು ಮಸ್ಟಾಂಗಿನ ಅಳತೆಗೇ ಒತ್ತಿ ತೆಗೆದ, ಪುಡಿಬಣ್ಣ ಲೇಪಿಸಿದ ಉಕ್ಕಿನ ಟ್ಯಾಂಕ್. ಹೊರಗಿನಿಂದ ನೋಡಿದರೆ ಹಳೆಯದರ ಪಡಿಯಚ್ಚು. ವ್ಯತ್ಯಾಸ ಇರುವುದು ನೆತ್ತಿಯಲ್ಲಿ ಮತ್ತು ಒಳಗೆ. ನೆತ್ತಿಯಲ್ಲಿ ಸ್ವಲ್ಪ ತಗ್ಗಾದ ಒಂದು ಬಟ್ಟಲು, ಅದರೊಳಗೆ ಪಂಪಿನ ಮುಚ್ಚಳ ಕೂರುವುದರಿಂದ ಡಿಕ್ಕಿಯ ನೆಲ ಸಮವಾಗಿಯೇ ಉಳಿಯುತ್ತದೆ. ಈ ತಗ್ಗು ಇಲ್ಲದ ಟ್ಯಾಂಕುಗಳೂ ಇವೆ, ಅವುಗಳಲ್ಲಿ ಫಿಟಿಂಗುಗಳು ಡಿಕ್ಕಿಯೊಳಗೆ ತಲೆ ಎತ್ತಿ ನಿಲ್ಲುತ್ತವೆ. ಒಳಗೆ ಪಂಪಿನ ಸುತ್ತ ನಾಲ್ಕು ಗೋಡೆಗಳ ತಟ್ಟೆಯಿದೆ. ಗೋಡೆಗಳ ಬುಡದ ಮೂಲೆಗಳಲ್ಲಿ ಕಿರುಬೆರಳು ತೂರುವಷ್ಟು ಕಂಡಿಗಳು, ಪೆಟ್ರೋಲ್ ಒಳಬರುವುದು ಅಲ್ಲಿಂದ. ರಿಟರ್ನ್ ಕೊಳವೆಯೂ ಈ ತಟ್ಟೆಯೊಳಗೇ, ತಳದ ಹತ್ತಿರದವರೆಗೆ ಇಳಿದು, ಹಿಂದಿರುಗಿದ ಪೆಟ್ರೋಲನ್ನು ನೊರೆ ಏಳದಂತೆ ಅಲ್ಲಿಗೇ ಸುರಿಯುತ್ತದೆ. ಟ್ಯಾಂಕ್ ಖಾಲಿಯಾಗುತ್ತ ಬಂದರೂ ತಟ್ಟೆ ಮಾತ್ರ ತುಂಬಿರಬೇಕು ಎಂಬುದು ಇದರ ಹಿಂದಿನ ಯೋಚನೆ.

ಯೋಚನೆಯನ್ನು ನಂಬುವ ಮೊದಲು ಪರೀಕ್ಷೆ ಮಾಡಿದೆ. ಪಂಪನ್ನು ಕೂರಿಸದೆ, ಪೆಟ್ರೋಲ್ ಸೋಕದ ಹೊಸ ಟ್ಯಾಂಕಿಗೆ ಎಂಟು ಲೀಟರ್ ನೀರು ಸುರಿದು, ಒಂದು ಬದಿಗೆ ಮರದ ತುಂಡುಗಳನ್ನು ಕೊಟ್ಟು ಮೂವತ್ತು ಡಿಗ್ರಿಯಷ್ಟು ಓರೆಯಾಗಿಸಿ ಟಾರ್ಚ್ ಹಿಡಿದು ಇಣುಕಿದೆ. ಹೊರಗಿನ ನೀರು ತಕ್ಷಣ ಕೆಳಬದಿಗೆ ಓಡಿತು, ತಟ್ಟೆಯ ನೀರು ಕಂಡಿಗಳಿಂದ ನಿಧಾನವಾಗಿ ಸೋರಿತು. ತಳ ಕಾಣಲು ಸುಮಾರು ಇಪ್ಪತ್ತು ಸೆಕೆಂಡು ಹಿಡಿಯಿತು. ಅಷ್ಟು ಹೊತ್ತು ಒಂದೇ ಬದಿಗೆ ವಾಲಿಸಿ ಹಿಡಿಯುವ ತಿರುವು ಸಾಮಾನ್ಯ ರಸ್ತೆಯಲ್ಲಿ ಸಿಗುವುದು ಅಪರೂಪ. ಪಂಪ್ ಎಳೆಯುವುದನ್ನೂ ಸೇರಿಸಿದರೆ ಹೊತ್ತು ಇನ್ನಷ್ಟು ಕಡಿಮೆಯಾಗುತ್ತದೆ, ಆದರೆ ರಿಟರ್ನ್ ಅದನ್ನು ತುಂಬಿಕೊಡುತ್ತದೆ. ಆಮೇಲೆ ಟ್ಯಾಂಕನ್ನು ತಲೆಕೆಳಗಾಗಿಸಿ, ಎರಡು ದಿನ ಬಿಸಿಲಿಗಿಟ್ಟು, ತೇವದ ಕುರುಹೂ ಉಳಿಯದಂತೆ ಒಣಗಿಸಿದೆ. ನೀರಿನ ಪರೀಕ್ಷೆ ಮಾಡುವವರು ಈ ಕೊನೆಯ ಕೆಲಸದಲ್ಲಿ ಸೋಮಾರಿತನ ತೋರಿಸಬಾರದು. ಎಥನಾಲ್ ಬೆರೆತ ಪೆಟ್ರೋಲ್ ನೀರನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದಾಗ ಎಥನಾಲನ್ನೂ ಜೊತೆಗೆಳೆದುಕೊಂಡು ಆ ನೀರು ತಳಕ್ಕೆ ಇಳಿಯುತ್ತದೆ, ಪಂಪಿನ ಬಾಯಿ ಇರುವುದೂ ಅಲ್ಲಿಯೇ.

ಲೋಹದ ಆಯ್ಕೆಯಲ್ಲಿ ನಾನು ಉಕ್ಕಿಗೆ ಬಂದದ್ದು ಸ್ವಲ್ಪ ಅಳೆದು ಸುರಿದ ಮೇಲೆ. ಸ್ಟೇನ್‌ಲೆಸ್ ಸ್ಟೀಲ್ ಎಲ್ಲಕ್ಕಿಂತ ಬಾಳಿಕೆಯದು, ಹೆಚ್ಚಿನ ಎಥನಾಲಿಗೂ ಜಗ್ಗದು, ಬೆಲೆಯೂ ಹಾಗೆಯೇ. ಅಲ್ಯೂಮಿನಿಯಂ ಹಗುರ, ನೋಡಲು ಚೆಂದ. ಆದರೆ ಉಕ್ಕಿನ ಪಟ್ಟಿಗಳಿಗೆ ನೇರವಾಗಿ ತಾಗಿ ನೀರೂ ಸೇರಿದರೆ ತಾಗಿದ ಜಾಗದಲ್ಲಿ ತೂತು ಬೀಳುವ ಸಂಭವವಿದೆ, ನಡುವೆ ರಬ್ಬರ್ ಕೊಡಲೇಬೇಕು, ಮತ್ತು ಅಲುಗಾಟಕ್ಕೆ ಸಿಕ್ಕ ವೆಲ್ಡಿಂಗ್ ಅಂಚಿನಲ್ಲಿ ಬಿರುಕು ಮೂಡುವುದನ್ನು ಕಣ್ಣಾರೆ ಕಂಡಿದ್ದೇನೆ. ಹಳೆಯ ಟ್ಯಾಂಕುಗಳ ಸೀಸ-ತವರದ ಲೇಪನ, ಸತುವಿನ ಲೇಪನ, ಲೇಪನವೇ ಇಲ್ಲದ ಅಲ್ಯೂಮಿನಿಯಂ, ಇವು ಮೂರೂ ಶೇಕಡಾ 85ರಷ್ಟು ಎಥನಾಲ್ ಇರುವ ಇಂಧನಕ್ಕೆ ಒಗ್ಗುವಂಥವಲ್ಲ. ಅಂಥ ಇಂಧನ ಹಾಕುವ ಯೋಚನೆಯಿರುವವರು ಸ್ಟೇನ್‌ಲೆಸ್ ಬಿಟ್ಟು ಬೇರೆಯದನ್ನು ನೋಡದಿರುವುದು ಒಳ್ಳೆಯದು.

ಪಂಪ್ ಟ್ಯಾಂಕಿನ ಜೊತೆಗೇ ಬಂತು, ಮತ್ತೆ 255 ಲೀಟರಿನದೇ. ಗಂಟೆಗೆ 70 ಲೀಟರ್ ಕೇಳುವ ಎಂಜಿನ್ನಿಗೆ ಅದು ಅತಿಯಾಯಿತು ಎಂದು ಈಗಲೂ ಅನ್ನಿಸುತ್ತದೆ. 190 ಲೀಟರಿನದು ಕೊಟ್ಟಿದ್ದರೆ ಬಿಸಿಯೂ ಕಡಿಮೆ, ಕರೆಂಟೂ ಕಡಿಮೆ. ಮುಚ್ಚಳ ಬಿಚ್ಚಿ ನೋಡಿದಾಗ ಪಂಪಿನಿಂದ ಮೇಲಿನ ಕೊಳವೆಗೆ ಹೋಗುವ ಗೇಣುದ್ದದ ರಬ್ಬರ್ ಹೋಸಿನ ಮೇಲೆ, ಪೆಟ್ರೋಲಿನಲ್ಲಿ ಮುಳುಗಿರಬಲ್ಲದ್ದು ಎಂದು ಹೇಳುವ, ಎಸ್‌ಎಇ 30ಆರ್10 ಎಂಬ ಮುದ್ರೆ ಇತ್ತು. ಇದನ್ನು ನೋಡಿ ಸಮಾಧಾನವಾಯಿತು. ಬಾನೆಟ್ ಕೆಳಗೆ ಬಳಸುವ 30ಆರ್9 ಹೋಸ್ ಒಳಗಿನ ಒತ್ತಡಕ್ಕೆ ಗಟ್ಟಿ, ಆದರೆ ಅದರ ಹೊರ ಸಿಪ್ಪೆ ಪೆಟ್ರೋಲಿನಲ್ಲಿ ಮುಳುಗಿರಲು ತಯಾರಾದದ್ದಲ್ಲ. ಪರಿಚಿತರೊಬ್ಬರು ದುರಸ್ತಿಗೆಂದು ಅದನ್ನೇ ಟ್ಯಾಂಕಿನೊಳಗೆ ಹಾಕಿಸಿಕೊಂಡಿದ್ದರು. ಎಂಟು ತಿಂಗಳಿಗೆ ಹೋಸ್ ಉಬ್ಬಿ, ಒದ್ದೆ ಬಿಸ್ಕತ್ತಿನಂತೆ ಮೆತ್ತಗಾಗಿ, ಕ್ಲ್ಯಾಂಪಿನ ಬಳಿ ಹರಿಯಿತು. ಹೊರಗೆ ಸೋರಿಕೆ ಕಾಣದಿದ್ದುದರಿಂದ ಅವರು ಪಂಪು, ರಿಲೇ, ಥ್ರಾಟಲ್ ಬಾಡಿ ಎಲ್ಲವನ್ನೂ ಸಂಶಯಿಸಿದ ಮೇಲೆ ಟ್ಯಾಂಕ್ ಬಿಚ್ಚಿದರು. ಹೊಸ ಟ್ಯಾಂಕ್ ಕೊಳ್ಳುವವರು ಮುಚ್ಚಳ ತೆಗೆದು ಈ ಒಂದು ಮುದ್ರೆಯನ್ನು ಓದಿಕೊಳ್ಳಲಿ.

ಲೈನುಗಳ ವಿಷಯದಲ್ಲಿ ಹಳೆಯ 8 ಮಿಲಿಮೀಟರ್ ಕೊಳವೆಯನ್ನು ಬಿಸಾಡಲಿಲ್ಲ, ರಿಟರ್ನ್‌ಗೆ ಬಳಸಿದೆ. ಮುಂದಕ್ಕೆ ಹೋಗುವ ಪೆಟ್ರೋಲಿಗೆ ಹೊಸದಾಗಿ 9.5 ಮಿಲಿಮೀಟರಿನದನ್ನು ಎಳೆದೆ. ರಿಟರ್ನ್ ಬೇಡವೆನ್ನುವವರು ಒತ್ತಡವನ್ನು ಹಿಡಿತದಲ್ಲಿಡುವ ರೆಗ್ಯುಲೇಟರನ್ನು ಟ್ಯಾಂಕಿನ ಬಳಿಯೇ ಇಟ್ಟು ಒಂದೇ ಕೊಳವೆಯನ್ನು ಮುಂದಕ್ಕೆ ಒಯ್ಯಬಹುದು. 1999ರಿಂದ 2003ರವರೆಗಿನ ಶೆವರ್ಲೆ ಕಾರ್ವೆಟ್‌ಗಳಲ್ಲಿದ್ದ, 58 ಪಿಎಸ್‌ಐಗೆ ನಿಲ್ಲುವ ಫಿಲ್ಟರ್-ರೆಗ್ಯುಲೇಟರ್ ಇದಕ್ಕೆ ಬಹಳ ಜನಪ್ರಿಯ. ಬಿಸಿ ಎಂಜಿನ್ನಿನವರೆಗೆ ಹೋಗಿ ಬರುವ ಸುತ್ತು ತಪ್ಪುವುದರಿಂದ ಟ್ಯಾಂಕ್ ತಂಪಾಗಿರುತ್ತದೆ. ಇಂದು ಮತ್ತೆ ಮೊದಲಿನಿಂದ ಮಾಡುವುದಾದರೆ ನಾನು ಇದನ್ನೇ ಆರಿಸುತ್ತಿದ್ದೆ.

ಇನ್ನು ದೂರುಗಳು. ಟ್ಯಾಂಕಿನ ಜೊತೆ ಬಂದ ಒಂದೇ ಪುಟದ ಕಾಗದದಲ್ಲಿ ಉಸಿರುಗೊಳವೆಯ ಬಗ್ಗೆ ಒಂದೇ ಸಾಲು ಇತ್ತು, ನಾನು ಅದನ್ನು ಓದಿಯೂ ಲಕ್ಷ್ಯ ಕೊಡಲಿಲ್ಲ. ಹಳೆಯ ಮಸ್ಟಾಂಗ್ ಉಸಿರಾಡುತ್ತಿದ್ದುದು ಪೆಟ್ರೋಲ್ ಮುಚ್ಚಳದಿಂದ. ಹೊಸ ಟ್ಯಾಂಕಿನ ನೆತ್ತಿಯಲ್ಲಿ ಅದಕ್ಕೆಂದೇ ಪ್ರತ್ಯೇಕ ಕೊಳವೆ ಮತ್ತು ಕಾರು ಮಗುಚಿದರೆ ಮುಚ್ಚಿಕೊಳ್ಳುವ ವಾಲ್ವ್ ಇರುತ್ತದೆ. ಅದಕ್ಕೆ ಹೋಸ್ ಜೋಡಿಸಿ, ಪೆಟ್ರೋಲ್ ತುಂಬುವ ಬಾಯಿಗಿಂತ ಎತ್ತರಕ್ಕೆ ಒಯ್ದು ಹೊರಬಿಡಬೇಕು. ನಾನು ಗಾಳಿಯಾಡದ ಮುಚ್ಚಳ ಹಾಕಿ, ವಾಲ್ವಿನ ಮೇಲಿದ್ದ ಸಾಗಣೆಯ ರಬ್ಬರ್ ಬಿರಡೆಯನ್ನು ತೆಗೆಯದೆ ಬಿಟ್ಟಿದ್ದೆ. ಎರಡನೆಯ ದಿನ ಮುಕ್ಕಾಲು ಗಂಟೆ ಓಡಿಸಿದ ಮೇಲೆ ಡಿಕ್ಕಿಯಿಂದ, ಎಣ್ಣೆ ಡಬ್ಬಿಯ ಹೊಟ್ಟೆ ಅದುಮಿದಾಗ ಬರುವಂಥ, ‘ಡಬ್’ ಎಂಬ ಶಬ್ದ ಬಂತು. ನಿಲ್ಲಿಸಿ ಮುಚ್ಚಳ ತಿರುಗಿಸಿದರೆ ಟ್ಯಾಂಕ್ ದೊಡ್ಡ ಉಸಿರೆಳೆದುಕೊಂಡಿತು. ಪೆಟ್ರೋಲ್ ಹೊರಹೋದ ಜಾಗಕ್ಕೆ ಗಾಳಿ ಬರಲು ದಾರಿಯಿಲ್ಲದೆ ನಿರ್ವಾತ ಉಂಟಾಗಿ, ತಳದ ತಗಡು ಒಳಕ್ಕೆ ಬಾಗಿತ್ತು. ಪುಣ್ಯಕ್ಕೆ ಮತ್ತೆ ಅದೇ ಶಬ್ದದೊಂದಿಗೆ ಹಿಂದಕ್ಕೆ ಬಂತು. ತಪ್ಪು ನನ್ನದೇ, ಆದರೆ ಆ ಬಿರಡೆಗೆ ಒಂದು ಕೆಂಪು ಚೀಟಿ ಕಟ್ಟಲು ತಯಾರಕರಿಗೆ ಏನೂ ಖರ್ಚಾಗುತ್ತಿರಲಿಲ್ಲ.

ಸೆಂಡರಿನ ವಿಷಯದಲ್ಲಿ ತಪ್ಪು ಪೂರ್ತಿ ಅವರದು. ಆ ಕಾಲದ ಫೋರ್ಡ್ ಗೇಜ್ ಟ್ಯಾಂಕ್ ಖಾಲಿಯಾದಾಗ 73 ಓಮ್, ತುಂಬಿದಾಗ 10 ಓಮ್ ನಿರೀಕ್ಷಿಸುತ್ತದೆ. ಡಬ್ಬದ ಮೇಲೆ ‘ಮೂಲ ಗೇಜಿಗೆ ಹೊಂದುತ್ತದೆ’ ಎಂದಿತ್ತು. ಒಳಗೆ ಇದ್ದುದು ಖಾಲಿಗೆ 240, ತುಂಬಿದ್ದಕ್ಕೆ 33 ಓಮ್ ತೋರಿಸುವ, ಹೊರಗಿನ ಗೇಜುಗಳಿಗೆಂದು ತಯಾರಾದ ಸೆಂಡರ್. ಬಾಯಿಮಟ್ಟ ತುಂಬಿಸಿದರೂ ಮುಳ್ಳು ಅರ್ಧದ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಮಲ್ಟಿಮೀಟರ್ ಹಿಡಿದು ಫ್ಲೋಟನ್ನು ಮೇಲೆ ಕೆಳಗೆ ಆಡಿಸಿದರೆ ಒಂದು ನಿಮಿಷದಲ್ಲಿ ತಿಳಿಯುವ ಸಂಗತಿ ಇದು. ನಾನು ಟ್ಯಾಂಕನ್ನು ಕೂರಿಸಿ, ಪೆಟ್ರೋಲ್ ತುಂಬಿಸಿದ ಮೇಲೆ ಅಳೆಯಲು ಹೋದೆ. ಮಾರಿದವರು ಮರುಮಾತಿಲ್ಲದೆ ಸರಿಯಾದ ಸೆಂಡರ್ ಕಳುಹಿಸಿದರು, ಆದರೆ 40 ಲೀಟರ್ ಪೆಟ್ರೋಲನ್ನು ಹೊರತೆಗೆಯುವ ಕೆಲಸ ನನ್ನ ಪಾಲಿಗೇ ಬಂತು. ಸರಿಯಾದ ಸೆಂಡರ್ ಹಾಕಿದ ಮೇಲೂ ಮುಳ್ಳು ಮನಬಂದಂತೆ ಕುಣಿಯಿತು. ಹಳೆಯ ಬರಿಯ ಉಕ್ಕಿನ ಟ್ಯಾಂಕ್ ಸ್ಕ್ರೂಗಳ ಮೂಲಕ ಬಾಡಿಗೆ ತಾನಾಗಿ ಅರ್ತ್ ಆಗುತ್ತಿತ್ತು; ಪುಡಿಬಣ್ಣದ ಹೊಸ ಟ್ಯಾಂಕ್ ಸುತ್ತಲೂ ಸೀಲಿಂಗ್ ಪಟ್ಟಿಯ ಮೇಲೆ ಕುಳಿತಿರುವುದರಿಂದ ವಿದ್ಯುತ್ತಿನ ದೃಷ್ಟಿಯಲ್ಲಿ ತೇಲುತ್ತಿತ್ತು. ಸೆಂಡರಿನ ಅಂಚಿನಿಂದ ಚಾಸಿಗೆ ಒಂದು ವೈರ್ ಎಳೆದು, ಬಣ್ಣ ಕೆರೆದ ಜಾಗಕ್ಕೆ ಬಿಗಿದ ಮೇಲೆ ಮುಳ್ಳು ನೆಟ್ಟಗೆ ನಿಂತಿತು. ಪಂಪಿನ ಅರ್ತ್ ವೈರನ್ನು ಇದಕ್ಕೆ ಸೇರಿಸದೆ ಬೇರೆಯಾಗಿಯೇ ಒಯ್ಯಬೇಕು. 8, 10 ಆಂಪಿಯರ್ ಎಳೆಯುವ ಪಂಪಿಗೆ ದಪ್ಪ ವೈರ್ ಮತ್ತು ರಿಲೇ ಇಲ್ಲದಿದ್ದರೆ ವೋಲ್ಟೇಜ್ ದಾರಿಯಲ್ಲೇ ಸೋರಿ, ಒತ್ತಡವೂ ಕುಗ್ಗುತ್ತದೆ. ಆ ಕಾಲದ ಮಸ್ಟಾಂಗಿನ ಆಲ್ಟರ್ನೇಟರ್ 40 ಆಂಪಿಯರ್ ಆಸುಪಾಸಿನದು. ಅದನ್ನೂ ಬದಲಿಸಬೇಕಾಯಿತು.

ಕೂರಿಸುವ ಕೆಲಸದಲ್ಲಿ ಅಳತೆ ಹೊಂದಿತು, ಸ್ಕ್ರೂ ರಂಧ್ರಗಳಲ್ಲಿ ಎರಡನ್ನು ಮಾತ್ರ ಕಾನಸಿಯಿಂದ ಹಿಗ್ಗಿಸಬೇಕಾಯಿತು. ಪೆಟ್ರೋಲ್ ತುಂಬುವ ಕೊಳವೆಯ ರಬ್ಬರ್ ತೋಳು ಸಡಿಲವಾಗಿತ್ತು, ಹೊಸದನ್ನು ತಂದು ಹಾಕಿದೆ. ಈ ಕಾರಿನಲ್ಲಿ ಡಿಕ್ಕಿಯ ನೆಲವೆಂದು ಕಾಣುವುದು ಟ್ಯಾಂಕಿನ ನೆತ್ತಿಯೇ ಹೊರತು ಬೇರೆ ತಗಡಲ್ಲ, ಮತ್ತು ಡಿಕ್ಕಿಗೂ ಹಿಂದಿನ ಸೀಟಿಗೂ ನಡುವೆ ರಟ್ಟು ಬಿಟ್ಟರೆ ಹೆಚ್ಚಿನದೇನೂ ಇರುವುದಿಲ್ಲ. ಹೈ ಪ್ರೆಶರ್ ಫಿಟಿಂಗುಗಳು ಈಗ ಅದೇ ನೆತ್ತಿಯ ಮೇಲಿರುವುದರಿಂದ, ಸೀಟಿನ ಹಿಂದೆ ಉಕ್ಕಿನ ತಡೆಗೋಡೆ ಹಾಕಿಸಿ ಅಂಚುಗಳನ್ನು ಸೀಲ್ ಮಾಡಿಸಿದೆ. ಡಿಕ್ಕಿಯಲ್ಲಿ ಜಾಕ್ ಉರುಳಾಡಿ ಫಿಟಿಂಗಿಗೆ ಬಡಿಯದಂತೆ ಬಟ್ಟಲಿಗೆ ಒಂದು ತಗಡಿನ ಮುಚ್ಚಳವನ್ನೂ ಮಾಡಿಸಿದೆ. ಕಾರಿಗೆ ಏನಾದರೂ ಬಡಿದು ಅಪಘಾತವಾದರೆ ಪಂಪಿನ ಕರೆಂಟ್ ಕಡಿಯುವ ಇನರ್ಶಿಯಾ ಸ್ವಿಚ್ಚನ್ನು ತಯಾರಕರು ಕೊಡುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ಕೊಳ್ಳಲೇಬೇಕು ಎಂದು ನಾನು ಹೇಳುತ್ತೇನೆ.

ರಸ್ತೆಯ ಮೇಲೆ ಫಲಿತಾಂಶ ಹೀಗಿದೆ. ಪಂಪಿನ ಶಬ್ದ, ಕೀ ತಿರುಗಿಸಿದಾಗ ಎರಡು ಸೆಕೆಂಡು ಕೇಳುವ ಮೆಲುದನಿಯ ಗುಂಯ್ ಬಿಟ್ಟರೆ, ಇಲ್ಲವೇ ಇಲ್ಲ. ಪೆಟ್ರೋಲೇ ಅದನ್ನು ಮುಚ್ಚಿಹಾಕಿದೆ. ಕಾಲು ಟ್ಯಾಂಕಿನಲ್ಲಿ, ಹಿಂದೆ ತಪ್ಪದೆ ಕೆಮ್ಮುತ್ತಿದ್ದ ಅದೇ ಬಲ ತಿರುವನ್ನು ಬೇಕೆಂದೇ ಆರು ಬಾರಿ ಸುತ್ತಿದೆ, ಒತ್ತಡದ ಮುಳ್ಳು 58ರಿಂದ ಕದಲಲಿಲ್ಲ. ಒಮ್ಮೆಲೇ ವೇಗ ಏರಿಸಿದಾಗ ಪೆಟ್ರೋಲ್ ಹಿಂದಕ್ಕೆ ಓಡಿ ಮುಂಬದಿಯ ಹೀರುಕೊಳವೆ ಬರಿದಾಗುತ್ತಿದ್ದ ಹಳೆಯ ಪೀಡೆಯೂ ಹೋಯಿತು. ಟ್ಯಾಂಕ್ ಎಂಟನೆಯ ಒಂದು ಭಾಗಕ್ಕೆ ಇಳಿದಾಗ ಮಾತ್ರ ಉದ್ದನೆಯ ತಿರುವಿನಲ್ಲಿ ಮುಳ್ಳು ಒಮ್ಮೆ 50ರವರೆಗೆ ಬಿದ್ದು ಎದ್ದಿತು; ಅಷ್ಟು ಕಡಿಮೆ ಪೆಟ್ರೋಲಿನಲ್ಲಿ ಅಷ್ಟು ಜೋರಾಗಿ ತಿರುಗಿಸಿದ್ದು ನನ್ನ ಹುಚ್ಚು. ಬೇಸಿಗೆಯ ದಟ್ಟಣೆಯಲ್ಲಿ ಒಂದೂವರೆ ಗಂಟೆ ನಿಂತು ಸಾಗಿದಾಗ ಟ್ಯಾಂಕಿನ ಹೊರಮೈ ಬೆಚ್ಚಗಾಯಿತು, ಎಂಜಿನ್ ನಿಲ್ಲಲಿಲ್ಲ.

ಎಲ್ಲ ಕಾರುಗಳಿಗೂ ಇದೇ ಉತ್ತರವಲ್ಲ. ಮಸ್ಟಾಂಗಿನಂಥ ಹೆಚ್ಚು ಮಾರಾಟವಾದ ಮಾದರಿಗಳಿಗೆ ಅಳತೆಯ ಟ್ಯಾಂಕ್ ಸುಲಭವಾಗಿ ಸಿಗುತ್ತದೆ. ಟ್ಯಾಂಕ್ ಮುಂದಿನ ಬಾನೆಟ್ ಕೆಳಗಿರುವ ಫೋಕ್ಸ್‌ವ್ಯಾಗನ್ ಬೀಟಲ್‌ಗೆ, ಡಿಕ್ಕಿಯ ಎಡಬದಿಯಲ್ಲಿ ನಿಂತಿರುವ ಟ್ಯಾಂಕಿನ ಮೂಲ ಮಿನಿಗೆ, ಹೊರಗಿನ ಪಂಪ್ ಮತ್ತು ಒಂದೆರಡು ಲೀಟರಿನ ಸ್ವರ್ಲ್ ಪಾಟ್ (ಪಂಪಿಗೆ ಗಾಳಿ ಸಿಗದಂತೆ ಪೆಟ್ರೋಲ್ ಕೂಡಿಡುವ ಚಿಕ್ಕ ಡಬ್ಬಿ) ಜೋಡಿಯೇ ಹೆಚ್ಚು ಅನುಕೂಲ. 1967ರಲ್ಲಿ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಇಂಜೆಕ್ಷನ್ ಮೊದಲು ಬಂದ ಫೋಕ್ಸ್‌ವ್ಯಾಗನ್ ಟೈಪ್ 3ರಲ್ಲೂ ಪಂಪ್ ಟ್ಯಾಂಕಿನ ಹೊರಗೇ ಇತ್ತು. ಆದರೆ ಅದರ ಒತ್ತಡ ಇಂದಿನದರ ಅರ್ಧದಷ್ಟು, ಪಂಪಿನ ಜಾಗವನ್ನೂ ಟ್ಯಾಂಕಿನ ಆಕಾರವನ್ನೂ ಕಾರ್ಖಾನೆಯವರೇ ಒಟ್ಟಿಗೆ ಯೋಚಿಸಿ ಮಾಡಿದ್ದರು. ಹೊರಗಿನ ಪಂಪ್ ಇಡುವವರು ಅದರ ಮುಂಚೆ 100 ಮೈಕ್ರಾನಿನ, ಅದರ ನಂತರ 10 ಮೈಕ್ರಾನಿನ ಫಿಲ್ಟರ್ ಹಾಕಬೇಕು. ತಿರುಗಾಮುರುಗಾ ಹಾಕಿದರೆ ಪಂಪ್ ಉಸಿರುಗಟ್ಟುತ್ತದೆ.

ನನ್ನ ಟ್ಯಾಂಕ್ ಕೂತು ಈಗ ಒಂಬತ್ತು ತಿಂಗಳಾಗಿದೆ. ಕಳೆದ ವಾರ ಮುಚ್ಚಳ ತೆಗೆದು ನೋಡಿದೆ, ತಟ್ಟೆಯಲ್ಲಿ ಕಸವಿಲ್ಲ, ಹೋಸ್ ಗಟ್ಟಿಯಾಗಿದೆ, ಗ್ಯಾಸ್ಕೆಟ್ ಮಾತ್ರ ಸ್ವಲ್ಪ ಉಬ್ಬಿದ್ದರಿಂದ ಮತ್ತೆ ಅದರ ರಂಧ್ರಗಳಿಗೆ ಸ್ಕ್ರೂ ಹೊಂದಿಸಲು ಒದ್ದಾಡಿದೆ. ಒಮ್ಮೆ ಬಿಚ್ಚಿದರೆ ಹೊಸದು ಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ದಿನ ಡಿಕ್ಕಿ ತೆರೆದಾಗ ಪೆಟ್ರೋಲಿನ ತೆಳು ವಾಸನೆ ಇನ್ನೂ ಬರುತ್ತದೆ. ಅದು ಉಸಿರುಗೊಳವೆಯ ಹೋಸ್ ನೇರ ಹೊರಗೆ ತೆರೆದಿರುವುದರ ಫಲ. ಪೆಟ್ರೋಲ್ ಆವಿಯನ್ನು ಹೀರಿಕೊಳ್ಳುವ ಇದ್ದಿಲಿನ ಕ್ಯಾನಿಸ್ಟರ್ ಒಂದನ್ನು ತಂದಿಟ್ಟಿದ್ದೇನೆ, ಹಿಂದಿನ ಬಲ ಫೆಂಡರಿನೊಳಗೆ ಅದಕ್ಕೆ ಜಾಗ ಅಳೆದಿದ್ದೇನೆ, ಹಿಡಿಕೆಯನ್ನು ಇನ್ನೂ ಮಾಡಿಸಬೇಕು.